ಕಣ್ಣು ಮೊದಲು

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಆ ಮನೆಯಲ್ಲಿ ಮೀನು ಹುರಿಯುವುದಕ್ಕೂ ಒಂದು ಶಾಸ್ತ್ರ ಇತ್ತು. ಕನ್ನಡ ಕೂಟದ ಹೆಂಗಸರು ಬರುವುದಕ್ಕೆ ಎರಡು ದಿನ ಮೊದಲಿನಿಂದ ಮೀನಿನ ಬಾಣಲೆ ಒಲೆ ಏರಬಾರದು. ಬರುವ ದಿನ ಬೆಳಿಗ್ಗೆಯೇ ಕಿಟಕಿಗಳನ್ನೆಲ್ಲ ತೆರೆಯಬೇಕು, ಪರದೆ ಒಗೆಯಬೇಕು, ಮೂರು ಕೋಣೆಗಳಲ್ಲೂ ಊದುಬತ್ತಿ ಹಚ್ಚಬೇಕು. ಇಷ್ಟೆಲ್ಲ ಮಾಡಿಯೂ ರತ್ನಾವತಿ ಒಮ್ಮೆ ಹೊರಗೆ ಹೋಗಿ, ಅತಿಥಿಯ ಹಾಗೆ ಬಾಗಿಲಿನಿಂದ ಒಳಗೆ ಬಂದು, ಮೂಗು ಅರಳಿಸಿ ಪರೀಕ್ಷೆ ಮಾಡುತ್ತಿದ್ದಳು. ಗಂಡ ಜಯರಾಜ್ ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದ:

"ಅವರು ಬರುವುದು ಚಕ್ಕುಲಿ ತಿನ್ನಲಿಕ್ಕೆ ಮಾರಾಯ್ತಿ. ಪೊಲೀಸ್ ನಾಯಿಗಳಲ್ಲ."

"ನಿಮಗೆ ಗೊತ್ತಾಗುವುದಿಲ್ಲ, ಸುಮ್ಮನೆ ಕೂತುಕೊಳ್ಳಿ."

ಜಯರಾಜನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವ ಗಂಡಂದಿರಲ್ಲಿ ಅವನೊಬ್ಬ. ಮೀನು ತಿನ್ನುವುದು ದೊಡ್ಡ ಗುಟ್ಟೇನೂ ಆಗಿರಲಿಲ್ಲ. ಕೂಟದಲ್ಲಿ ಕದ್ದು ತಿನ್ನುವವರೂ ಇದ್ದರು, ರಾಜಾರೋಷವಾಗಿ ತಿನ್ನುವವರೂ ಇದ್ದರು. ರತ್ನಾವತಿಯ ಹೆದರಿಕೆ ಬೇರೆ. ಮೀನಿನ ಮಾತು ಬಂದರೆ ಊರಿನ ಮಾತು ಬರುತ್ತದೆ, ಊರಿನ ಮಾತು ಬಂದರೆ ಅಮ್ಮನ ಮಾತು ಬರುತ್ತದೆ. ಏಳು ವರ್ಷದ ಹಿಂದೆ ಮೈಸೂರಿನ ಮೈಥಿಲಿ ಮೊದಲ ಭೇಟಿಯಲ್ಲೇ, "ನಿಮ್ಮ ತಾಯಿ ಮನೆಯವರು ಏನ್ಮಾಡ್ಕೊಂಡಿದ್ದಾರೆ?" ಎಂದು ಕೇಳಿದ್ದಳು. ರತ್ನಾವತಿ, "ಬಿಸಿನೆಸ್ಸು" ಎಂದಳು. "ಯಾವ ಬಿಸಿನೆಸ್ಸು?" ಎಂದಾಗ ಅವಳ ಬಾಯಿಂದ, "ಎಕ್ಸ್‌ಪೋರ್ಟು" ಎಂದು ಬಂದುಬಿಟ್ಟಿತು.

ಅವಳ ಅಮ್ಮ ಅಪ್ಪಿ ಮಾಡುತ್ತಿದ್ದ ಎಕ್ಸ್‌ಪೋರ್ಟು ಮಂಗಳೂರು ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ದಕ್ಕೆಯಿಂದ ಕೊಡಿಯಾಲಬೈಲಿನ ಮನೆಗಳವರೆಗೆ, ತಲೆಯ ಮೇಲೆ, ಬುಟ್ಟಿಯಲ್ಲಿ. ಅದೇ ಬುಟ್ಟಿಯಿಂದ ನಾಲ್ಕು ಮಕ್ಕಳ ಹೊಟ್ಟೆ ತುಂಬಿತು, ರತ್ನಾವತಿ ಕಾನ್ವೆಂಟು ಶಾಲೆಗೆ ಹೋದಳು, ಇಂಜಿನಿಯರ್ ಗಂಡನ ಕೈ ಹಿಡಿದಳು. ಅಪ್ಪಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಆದರೂ ಕೂಟದ ಪಾಲಿಗೆ ಅವಳು ಇನ್ನೂ ಎಕ್ಸ್‌ಪೋರ್ಟಿನವಳೇ. ಆ ಒಂದು ಸುಳ್ಳು ಎಂದು ಹೊರಬೀಳುತ್ತದೋ ಎಂದು ಮಗಳು ಏಳು ವರ್ಷ ಊದುಬತ್ತಿ ಹಚ್ಚುತ್ತಿದ್ದಳು.

ಇಂಥ ಮನೆಗೆ ಜಯರಾಜ್ ಒಬ್ಬ ಡಚ್ ಚಿತ್ರಗಾರನನ್ನು ಕರೆದುಕೊಂಡು ಬಂದ, ೧೯೮೪ರ ಚಳಿಗಾಲದಲ್ಲಿ.

ಹೆಸರು ಯೋರಿಸ್. ನಲವತ್ತು ದಾಟಿದವನು, ಒಂಟಿ, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಲೇಬೇಕಾದಷ್ಟು ಎತ್ತರ. ಜಯರಾಜ್ ಓಕ್ಲೆಂಡ್ ಬಂದರಿನಲ್ಲಿ ಕ್ರೇನುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಆ ಕ್ರೇನುಗಳ ಮೇಲೆ ನಂಬರು ಬರೆಯಲು ಬಂದ ಪೇಂಟರುಗಳಲ್ಲಿ ಯೋರಿಸ್ ಒಬ್ಬ. ಊಟದ ಹೊತ್ತಿನಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಯೋರಿಸನಿಗೆ ಚಿತ್ರ ಬರೆಯಲು ಜಾಗ ಬೇಕಿತ್ತು, ಜಯರಾಜನ ಗರಾಜಿನಲ್ಲಿ ಕಾರು ನಿಂತದ್ದೇ ಇರಲಿಲ್ಲ.

ಯೋರಿಸನ ಊರು ಹಾಲೆಂಡಿನ ಎಂಕ್‌ಹೌಸನ್. ಒಂದು ಕಾಲಕ್ಕೆ ಹೆರಿಂಗ್ ಮೀನಿನಿಂದಲೇ ಉಂಡುಟ್ಟ ಊರು. ಅವನು ಹುಟ್ಟುವುದಕ್ಕೆ ಮೊದಲೇ ಅಲ್ಲಿಯವರು ಸಮುದ್ರಕ್ಕೆ ಅಡ್ಡವಾಗಿ ಉದ್ದಾನುದ್ದ ಕಟ್ಟೆ ಕಟ್ಟಿದರು. ಉಪ್ಪುನೀರು ಸಿಹಿಯಾಯಿತು, ಹೆರಿಂಗ್ ಬರುವುದು ನಿಂತಿತು, ದೋಣಿಗಳು ಮೂಲೆ ಸೇರಿದವು. ಹೀಗಾಗಿ ಅವನು ಮೀನನ್ನು ಕಲಿತದ್ದು ಮ್ಯೂಸಿಯಮ್ಮಿನ ಗೋಡೆಯಿಂದ, ಮುನ್ನೂರು ವರ್ಷ ಹಳೆಯ ಚಿತ್ರಗಳನ್ನು ನೋಡಿ. ಊರಿನಲ್ಲಿ ಅಣ್ಣನ ಅಂಗಡಿಯಲ್ಲಿ ಬೋರ್ಡು ಬರೆಯುತ್ತಿದ್ದ. ಆ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಕಂಪ್ಯೂಟರ್ ಕಂಪನಿಗಳು ದಿನಕ್ಕೊಂದು ಏಳುತ್ತಿದ್ದವು. ಹೊಸ ಹಣ ಬಂದವರಿಗೆ ಹೊಸ ಮನೆ, ಹೊಸ ಮನೆಗೆ ದೊಡ್ಡ ಗೋಡೆ, ಗೋಡೆಗೆ ಚಿತ್ರ ಬೇಕು. ಆ ಸುದ್ದಿ ಎಂಕ್‌ಹೌಸನ್ನಿಗೂ ಮುಟ್ಟಿತ್ತು. ಬೆಳೆಯುವ ಊರಿನಲ್ಲಿ ತಾನೂ ಬೆಳೆಯುತ್ತೇನೆ ಎಂದು ಎರಡು ಪೆಟ್ಟಿಗೆ ಬಣ್ಣ ಹೊತ್ತುಕೊಂಡು ಬಂದಿದ್ದ.

ಬಂದವನು ಬೆಳೆಯಲಿಲ್ಲ. ಒಂದು ವರ್ಷ ಗರಾಜಿನಲ್ಲಿ ಕೂತು ಮೀನು, ನಿಂಬೆಹಣ್ಣು, ತವರದ ತಟ್ಟೆ ಬರೆದ. ತೆಳ್ಳಗೆ ಒಂದು ಪದರ ಬಣ್ಣ ಹಚ್ಚುವುದು, ಒಣಗಲು ಬಿಡುವುದು, ಅದರ ಮೇಲೆ ಇನ್ನೊಂದು ಪದರ. ಒಂದು ಚಿತ್ರಕ್ಕೆ ಮೂರು ವಾರ. ಆ ಮೂರು ವಾರವೂ ಒಂದೇ ಮೀನು ರತ್ನಾವತಿಯ ಫ್ರೀಜರಿನಿಂದ ಹೊರಗೆ, ಹೊರಗಿನಿಂದ ಫ್ರೀಜರಿಗೆ ಓಡಾಡುತ್ತಿತ್ತು. ಅವಳು ಅದನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು, ಒಂದು ಮಾತು ಆಡುತ್ತಿರಲಿಲ್ಲ. ಏಕೆಂದರೆ ಅವನಿಂದ ಅವಳಿಗೆ ಒಂದು ಉಪಕಾರವಾಗುತ್ತಿತ್ತು. ಒಂದು ಭಾನುವಾರ ಹೇಳದೆ ಕೇಳದೆ ಬಂದ ಮೈಥಿಲಿ ಬಾಗಿಲಲ್ಲೇ ನಿಂತು, "ಅಯ್ಯೋ, ಏನ್ರೀ ಇದು ವಾಸನೆ!" ಎಂದಾಗ, ಅಡುಗೆಮನೆಯಲ್ಲಿ ಹುರಿದ ಬಂಗುಡೆ ಇನ್ನೂ ಬಿಸಿ ಇದ್ದಾಗ, ರತ್ನಾವತಿ ಗರಾಜಿನ ಕಡೆ ಕೈ ತೋರಿಸಿದಳು.

"ಎಂತ ಹೇಳುವುದು ಮೈಥಿಲಿ, ಆ ಡಚ್ಚಿನವನದು. ಚಿತ್ರಕ್ಕಂತೆ."

"ಪಾಪ, ಹೇಗೆ ಸಹಿಸ್ಕೋತೀರೋ!" ಎಂದು ಮೈಥಿಲಿ ಮರುಕಪಟ್ಟಳು. ಅಂದಿನಿಂದ ಊದುಬತ್ತಿಯ ಖರ್ಚು ಕಡಿಮೆಯಾಯಿತು. ಇಂಥ ಬಾಡಿಗೆದಾರ ಯಾರಿಗುಂಟು ಯಾರಿಗಿಲ್ಲ!

ಆದರೆ ೧೯೮೫ರ ನವೆಂಬರಿನಲ್ಲಿ ಯೋರಿಸ್ ಅಡುಗೆಮನೆಯ ಮೇಜಿಗೆ ಬಂದು ಕೂತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಾನು ಊರಿಗೆ ವಾಪಸ್ಸು ಹೋಗಬೇಕಾಗಬಹುದು ಎಂದ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗ್ಯಾಲರಿ ನಡೆಸುವ ಮಿಸೆಸ್ ಲೊವೆಲ್ ಅವನ ಎಂಟು ಚಿತ್ರಗಳನ್ನು ನೋಡಿದ್ದಳು. ಕೈ ಚೆನ್ನಾಗಿದೆ, ಆದರೆ ಜೀವ ಇಲ್ಲ ಎಂದಿದ್ದಳು. ಫೆಬ್ರವರಿಯಲ್ಲಿ ಇನ್ನೊಮ್ಮೆ ನೋಡುತ್ತೇನೆ, ಅದೇ ಕೊನೆ ಎಂದೂ ಹೇಳಿದ್ದಳು. ಅವನಿಗೆ ಗೊತ್ತಿದ್ದ ಬಾಗಿಲುಗಳಲ್ಲಿ ಮುಚ್ಚದೆ ಉಳಿದದ್ದು ಅದೊಂದೇ. (ಅವನು ಇಂಗ್ಲಿಷಿನಲ್ಲಿ ಹೇಳಿದ, ಇವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು, ಆದರೆ ಅವಳ ಇಂಗ್ಲಿಷಿನ ಒಳಗೆ ಮಂಗಳೂರೇ ಇದ್ದದ್ದರಿಂದ ನಮ್ಮ ಮಾತಿನಲ್ಲಿ ಹೇಳಿದರೆ ಏನೂ ಕಳೆದುಹೋಗುವುದಿಲ್ಲ.)

"ಜೀವ ಅಂದರೆ ಏನು ಅಂತ ಕೇಳಿದೆ," ಎಂದ ಯೋರಿಸ್. "ಅವಳಿಗೂ ಗೊತ್ತಿಲ್ಲ."

ರತ್ನಾವತಿಗೆ ಗೊತ್ತಿತ್ತು. ಮೊದಲ ಚಿತ್ರ ಕಂಡ ದಿನದಿಂದಲೂ ಗೊತ್ತಿತ್ತು. ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ಹೇಳದಿದ್ದರೆ ಟಿಕೆಟು ತೆಗೆಯುತ್ತಾನೆ. ಹೋದರೆ ಹೋಗಲಿ, ನನಗೇನು ಎಂದುಕೊಂಡಳು. ಕೈಯಲ್ಲಿದ್ದ ತಟ್ಟೆಯನ್ನು ಮೂರು ಸಲ ತೊಳೆದಳು. ನಾಲ್ಕನೆಯ ಸಲ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಬಾ," ಎಂದು ಸೆರಗಿಗೆ ಕೈ ಒರೆಸಿಕೊಂಡು ಗರಾಜಿಗೆ ನಡೆದಳು.

ಎಂಟು ಚಿತ್ರಗಳು ಗೋಡೆಗೆ ಒರಗಿದ್ದವು. ರತ್ನಾವತಿ ಮೊದಲನೆಯದರ ಮುಂದೆ ನಿಂತಳು. "ಈ ಮೀನು ಸತ್ತು ಹದಿನಾರು ದಿವಸ." ಎರಡನೆಯದಕ್ಕೆ ಸರಿದಳು. "ಇದು ಹದಿನೆಂಟು. ಇದು ಎಲ್ಲಕ್ಕಿಂತ ಹೆಚ್ಚು ಸಲ ಐಸಿಗೆ ಹೋಗಿ ಬಂದದ್ದು, ಇಪ್ಪತ್ತೊಂದು ದಿವಸಕ್ಕೆ ಕಡಿಮೆ ಇಲ್ಲ. ಇದು ಹದಿನೈದು. ಇದರ ಮೇಲಿನ ಅರ್ಧ ಒಂದು ಮೀನು, ಬಾಲ ಬೇರೆ ಮೀನಿನದ್ದು." ಕೊನೆಯದರ ಮುಂದೆ ಮೂಗು ಮುರಿದಳು. "ಇದು ಮೀನೇ ಅಲ್ಲ ಮಾರಾಯ. ಯಾರೋ ಬರೆದ ಮೀನನ್ನು ನೋಡಿ ಬರೆದದ್ದು."

ಯೋರಿಸ್ ಮರದ ಪೆಟ್ಟಿಗೆಯಿಂದ ನೋಟುಬುಕ್ಕು ತೆಗೆದು ಹಾಳೆ ತಿರುವಿದ. ಮೀನು ತಂದದ್ದು ಯಾವ ದಿನ, ಯಾವ ದಿನ ಯಾವ ಪದರ ಎಂದು ಬರೆದಿಡುವ ಅಭ್ಯಾಸ ಅವನಿಗೆ. ಹದಿನಾರು ದಿನ, ಹದಿನೆಂಟು ದಿನ, ಇಪ್ಪತ್ತೊಂದು ದಿನ. ಐದನೆಯದರ ಮೀನನ್ನು ನೆರೆಮನೆಯ ಬೆಕ್ಕು ಅರ್ಧ ತಿಂದಿದ್ದರಿಂದ ಬೇರೆ ತಂದಿದ್ದ. ಕೊನೆಯದು ಊರಿನ ಮ್ಯೂಸಿಯಮ್ಮಿನ ನೆನಪಿನದು. ಅವನು ನೋಟುಬುಕ್ಕು ಮುಚ್ಚಿ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ.

"ನಿನಗೆ ಹೇಗೆ ಗೊತ್ತು?"

ಬಂತಲ್ಲ ಪ್ರಶ್ನೆ! ರತ್ನಾವತಿ ಗರಾಜಿನ ಬಾಗಿಲು ಹಾಕಿದೆಯೇ ಎಂದು ನೋಡಿದಳು. "ನನ್ನ ಅಮ್ಮ ಮೀನು ಮಾರುತ್ತಿದ್ದಳು," ಎಂದಳು. ಅಮೆರಿಕಕ್ಕೆ ಬಂದ ಮೇಲೆ ಆ ವಾಕ್ಯವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಒಬ್ಬ ಪರದೇಶಿಗೆ. "ಆರು ವರ್ಷದವಳಿದ್ದಾಗಿನಿಂದ ಅವಳ ಜೊತೆ ದಕ್ಕೆಗೆ ಹೋಗುತ್ತಿದ್ದೆ. ಕಣ್ಣು ಮೊದಲು ನೋಡು ಅನ್ನುತ್ತಿದ್ದಳು. ಸಾಯುವಾಗ ಮೀನಿನಲ್ಲಿ ಮೊದಲು ಹೋಗುವುದು ಕಣ್ಣು. ಆಮೇಲೆ ಮೈಯ ಬಣ್ಣ, ಆಮೇಲೆ ಕಿವಿರಿನ ಕೆಂಪು. ನೀನು ಮಾಡುವುದೇನು? ತಟ್ಟೆ, ನಿಂಬೆ, ಬಟ್ಟೆ ಎಲ್ಲ ಮುಗಿಸಿ ಮೂರನೇ ವಾರ ಕಣ್ಣಿಗೆ ಕೂರುತ್ತೀ. ಅಷ್ಟರಲ್ಲಿ ಅಲ್ಲಿ ಎಂತ ಉಂಟು? ಸುಣ್ಣದ ಬೊಟ್ಟು!"

"ಕಣ್ಣು ಕೊನೆಗೆ ಅಂತ ನಮಗೆ ಕಲಿಸಿದ್ದು."

"ಯಾರು ಕಲಿಸಿದ್ದು? ಮೀನು ಮಾರಿದವರಾ?" ರತ್ನಾವತಿಗೆ ಈಗ ತಡೆಯಲಾಗಲಿಲ್ಲ. "ಸತ್ತದ್ದನ್ನು ಜೀವ ಇದ್ದ ಹಾಗೆ ತೋರಿಸುವುದು ನನ್ನ ಅಮ್ಮನ ಅರ್ಧ ಕಸುಬು. ನಿನ್ನದೂ ಅದೇ ಅಲ್ವಾ?"

ಯೋರಿಸ್ ಜೋರಾಗಿ ನಕ್ಕ. ನಕ್ಕು ಮುಗಿಯುವಷ್ಟರಲ್ಲಿ ರತ್ನಾವತಿಯ ಮುಖ ಗಂಭೀರವಾಗಿತ್ತು. ಇದನ್ನು ಯಾರ ಹತ್ತಿರವೂ ಆಡಬಾರದು, ಆ ಮೈಥಿಲಿಯ ಹತ್ತಿರವಂತೂ ಸರ್ವಥಾ ಆಡಬಾರದು ಎಂದಳು. ಅವನಿಗೆ ಕಾರಣ ಅರ್ಥವಾಗಲಿಲ್ಲ. ಆದರೂ ಕೈ ಮುಂದೆ ಚಾಚಿ ಮಾತು ಕೊಟ್ಟ.

ಮುಂದಿನ ಶನಿವಾರದಿಂದ ಇಬ್ಬರೂ ಓಕ್ಲೆಂಡಿನ ಚೈನಾಟೌನಿಗೆ ಬೆಳಿಗ್ಗೆ ಏಳಕ್ಕೇ ಹೋಗತೊಡಗಿದರು. ರತ್ನಾವತಿ ಅಂಗಡಿಯವನ ಮೇಲಿನ ಸಾಲಿನ ಮೀನನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಮೇಲಿನದು ತೋರಿಸಲಿಕ್ಕೆ ಇಟ್ಟದ್ದು ಎಂದು ಅಡಿಯಿಂದ ಎಳೆಯುತ್ತಿದ್ದಳು, ಬೆರಳಿನಿಂದ ಒತ್ತಿ ಗುಳಿ ತುಂಬುತ್ತದೆಯೇ ಎಂದು ನೋಡುತ್ತಿದ್ದಳು. ಅಂಗಡಿಯ ಚೀನೀ ಮುದುಕ ಎರಡು ವಾರ ಗೊಣಗಿದ. ಮೂರನೆಯ ವಾರ ಅವಳನ್ನು ಕಂಡ ಕೂಡಲೇ ಒಳಗಿನ ಪೆಟ್ಟಿಗೆಯನ್ನು ತಾನೇ ತಂದಿಟ್ಟ. ಆ ದಿನ ಅವಳು ದಾರಿಯುದ್ದಕ್ಕೂ ಖುಷಿಯಾಗಿದ್ದಳು.

ಗರಾಜಿನಲ್ಲಿ ಹೊಸ ಕ್ರಮ ಶುರುವಾಯಿತು. ಯೋರಿಸ್ ಮೊದಲು ಕಣ್ಣು ಬರೆಯಬೇಕು. ರತ್ನಾವತಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬೀನ್ಸ್ ಸೋಸುತ್ತಾ ಮೀನನ್ನು ನೋಡುತ್ತಿರುತ್ತಾಳೆ. ಮೀನಿನ ಬೆನ್ನಿನ ಹೊಳಪು ಸತ್ತ ಕೂಡಲೇ, "ಹೋಯ್ತು" ಎನ್ನುತ್ತಾಳೆ. ಅವಳು ಹೋಯ್ತು ಎಂದರೆ ಅವನು ಕುಂಚ ಕೆಳಗಿಡಬೇಕು. ತಟ್ಟೆ ಅರ್ಧಕ್ಕೇ ನಿಂತಿರಲಿ, ಬಾಲ ಬರೀ ಎರಡು ಗೆರೆಯಾಗಿರಲಿ. ಮೊದಮೊದಲು ಅವನು ಗೋಗರೆದ, ಇನ್ನು ಹತ್ತೇ ನಿಮಿಷ ಎಂದ. ಅವಳು ಮೀನನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅರ್ಧ ಗಂಟೆಯಲ್ಲಿ ಅದು ಮೆಣಸು ಹುಳಿ ಹಚ್ಚಿಕೊಂಡು ಬಾಣಲೆಯಲ್ಲಿತ್ತು.

"ಮಾಡೆಲನ್ನೇ ತಿನ್ನುವ ಊರು ಇದೊಂದೇ," ಎಂದು ಯೋರಿಸ್ ಬೆರಳು ನೆಕ್ಕಿದ.

ಡಿಸೆಂಬರಿನ ಹೊತ್ತಿಗೆ ಚಿತ್ರಗಳು ಬದಲಾದವು. ಆದರೂ ರತ್ನಾವತಿಗೆ ಸಮಾಧಾನವಿರಲಿಲ್ಲ. ಅಂಗಡಿಯ ಮೀನು ಎಷ್ಟೆಂದರೂ ಅಂಗಡಿಯದು. ಜನವರಿಯಲ್ಲಿ ಜಯರಾಜ್ ಬಂದರಿನಿಂದ ಒಂದು ಸುದ್ದಿ ತಂದ: ಕೊಲ್ಲಿಯೊಳಗೆ ಹೆರಿಂಗ್ ಮೊಟ್ಟೆ ಇಡಲು ಬಂದಿದೆ, ಸಾಸಲಿಟೋದಲ್ಲಿ ದೋಣಿಗಳು ಕಿಕ್ಕಿರಿದಿವೆ. ಮರುದಿನ ಬೆಳಗಾಗುವಾಗ ಮೂವರೂ ಅಲ್ಲಿದ್ದರು. ಮಂಜು ಕವಿದಿತ್ತು. ಸೀರೆಯ ಮೇಲೆ ಗಂಡನ ಜಾಕೆಟು ಹಾಕಿಕೊಂಡು ರತ್ನಾವತಿ ಕಟ್ಟೆಯ ಮೇಲೆ ನಿಂತಳು. ದೋಣಿಯವರು ಬಲೆ ಕೊಡವುತ್ತಿದ್ದರು. ಅವಳು ಸರಸರನೆ ಹೋಗಿ ಒಬ್ಬನನ್ನು ಕೂಗಿ ಕರೆದಳು. ಆ ಕೂಗು ಕೇಳಿ ಜಯರಾಜನೇ ಬೆಚ್ಚಿದ, ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಅವನು ಅದನ್ನು ಕೇಳಿರಲಿಲ್ಲ. ದಕ್ಕೆಯಲ್ಲಿ ನೂರು ಜನರ ಗಲಾಟೆಯ ಮೇಲೆ ಅಪ್ಪಿ ಕೂಗುತ್ತಿದ್ದ ರೀತಿ ಅದು. ದೋಣಿಯವನು ಒಂದು ಬಕೆಟ್ ಮೀನು ಕೊಟ್ಟ.

ಯೋರಿಸ್ ಬಕೆಟಿನ ಒಳಗೆ ನೋಡಿದ. ಹಸಿರು, ನೇರಳೆ, ಬೆಳ್ಳಿ. ಮೀನುಗಳ ಬಾಯಿ ಇನ್ನೂ ಆಡುತ್ತಿತ್ತು. ತನ್ನ ಊರಿಗೆ ಅನ್ನ ಹಾಕಿದ ಮೀನನ್ನು ಅವನು ಜೀವಸಹಿತ ನೋಡಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ನೀರು ಬಂತು.

"ಅಳು ಆಮೇಲೆ," ಎಂದಳು ರತ್ನಾವತಿ. "ಬಣ್ಣ ತೆಗಿ."

ಕಾರಿನ ಬಾನೆಟ್ಟಿನ ಮೇಲೆ ಹಲಗೆ ಇಟ್ಟುಕೊಂಡು ಅವನು ಬರೆದ. ಒಂದು ಮೀನಿಗೆ ಹತ್ತು ನಿಮಿಷ, ಹದಿನೈದು ನಿಮಿಷ. ಹೋಯ್ತು, ಇನ್ನೊಂದು. ಹೋಯ್ತು, ಇನ್ನೊಂದು. ಹೆರಿಂಗ್ ಇದ್ದಷ್ಟು ದಿನ ಹೋದರು, ಒಟ್ಟು ಹನ್ನೊಂದು ಬೆಳಿಗ್ಗೆ. ಫೆಬ್ರವರಿಯಲ್ಲಿ ಮಿಸೆಸ್ ಲೊವೆಲ್ ಫ್ರೀಮಾಂಟಿಗೇ ಬಂದಳು. ಗರಾಜಿನೊಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವಳು, ಏಪ್ರಿಲ್‌ನಲ್ಲಿ ಪ್ರದರ್ಶನ ಇಡೋಣ ಎಂದಳು. ಯೋರಿಸ್ ರತ್ನಾವತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇಬಿಟ್ಟ, ಜಯರಾಜನ ಎದುರಿಗೇ.

ಪ್ರದರ್ಶನದ ಸಂಜೆ ಗ್ಯಾಲರಿ ತುಂಬಿತ್ತು. ನಮ್ಮವರ ಮನೆಯ ಗರಾಜಿನಿಂದ ಒಬ್ಬ ಕಲಾವಿದ ಎದ್ದ ಎಂದು ಕನ್ನಡ ಕೂಟಕ್ಕೂ ಅಭಿಮಾನ. ಮೈಥಿಲಿ ಮೈಸೂರು ಸಿಲ್ಕು ಉಟ್ಟು, ಗಂಡ ವೆಂಕಟಾಚಲನಿಗೆ ಟೈ ಕಟ್ಟಿಸಿ ಕರೆತಂದಿದ್ದಳು. ಗೋಡೆಯ ತುಂಬ ಹೆರಿಂಗುಗಳು. ಎಲ್ಲದರ ಕಣ್ಣೂ ಈಗಷ್ಟೇ ನೀರಿನಿಂದ ಬಂದ ಹಾಗೆ ಹೊಳೆಯುತ್ತಿತ್ತು, ಬಾಲದ ಕಡೆ ಹೋಗುತ್ತಾ ಎಲ್ಲವೂ ಬರಿಯ ಗೆರೆಯಾಗಿ ಬಿಟ್ಟುಹೋಗಿತ್ತು. "ವಾಸನೆ ಇಲ್ದೇ ಇದ್ರೆ ಮೀನೂ ಎಷ್ಟು ಚೆನ್ನಾಗಿರುತ್ತೆ ಅಲ್ವಾ!" ಎಂದಳು ಮೈಥಿಲಿ.

ಆಮೇಲೆ ಪತ್ರಿಕೆಗೆ ಕಲೆಯ ಬಗ್ಗೆ ಬರೆಯುವ ಒಬ್ಬ ಗಡ್ಡದವನು ಭಾಷಣ ಮಾಡಿದ. ನಿದ್ದೆ ಹೋದ ಒಂದು ಸಣ್ಣ ಊರಿನಿಂದ ಒಬ್ಬ ಚಿತ್ರಗಾರ ಹೊರಟು ನಮ್ಮ ನಗರಕ್ಕೆ ಬಂದ. ಅಲ್ಲಿ ಮೂರು ವಾರಕ್ಕೆ ಒಂದು ಚಿತ್ರ ಬರೆಯುತ್ತಿದ್ದವನು ಇಲ್ಲಿ ಹದಿನೈದು ನಿಮಿಷಕ್ಕೆ ಬರೆಯುತ್ತಾನೆ. ಇದು ನಮ್ಮ ಫ್ರೀವೇಗಳ ವೇಗ. ಬಾಲ ಮುಗಿಸದೆ ಬಿಟ್ಟದ್ದು ನಮ್ಮ ಕಾಲದ ಅವಸರ. ಆ ಕಣ್ಣುಗಳ ಹೊಳಪು ಕ್ಯಾಲಿಫೋರ್ನಿಯಾದ ಬೆಳಕು ಎಂದ. ಜನ ತಲೆದೂಗಿದರು. ಹೀಗೆ ಬದಲಾಗಲು ಕಾರಣ ಏನೆಂದು ಮಿಸೆಸ್ ಲೊವೆಲ್ ಯೋರಿಸನನ್ನೇ ಕೇಳಿದಳು. ಅವನು ಕೆಂಪಗಾದ. ಗುಂಪಿನ ಮೇಲಿಂದ ಒಮ್ಮೆ ರತ್ನಾವತಿಯನ್ನು ನೋಡಿ, ಕಣ್ಣು ತಗ್ಗಿಸಿ, "ಹೌದು, ಊರು ಬದಲಾಯಿತು, ಅದೇ," ಎಂದ. ಮಾತು ಕೊಟ್ಟಿದ್ದನಲ್ಲ.

"ನೋಡಿ ರತ್ನಾ," ಎಂದು ಮೈಥಿಲಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು, "ಒಳ್ಳೇ ಊರಿಗೆ ಬಂದ್ರೆ ಹಣೆಬರಹವೇ ತಿರುಗುತ್ತೆ."

ರತ್ನಾವತಿಯ ಕಿವಿ ಬಿಸಿಯಾಯಿತು. ಅಮ್ಮ ನಲವತ್ತು ವರ್ಷ ಮಳೆ ಬಿಸಿಲು ಎನ್ನದೆ ಬಗ್ಗಿ ಬಗ್ಗಿ ನೋಡಿ ಕಲಿತದ್ದು ಇಷ್ಟು ಸುಲಭವಾಗಿ ಫ್ರೀವೇ ಆಗಿಹೋಯಿತು, ಬೆಳಕು ಆಗಿಹೋಯಿತು. ಎಕ್ಸ್‌ಪೋರ್ಟು ಎಂದು ತಾನು ಮೊದಲು ಅವಳನ್ನು ಅಳಿಸಿದ್ದಳು, ಈ ಗಡ್ಡದವನು ಈಗ ಉಳಿದದ್ದನ್ನೂ ಒರೆಸಿದ. ಅವನನ್ನು ಬೈದು ಏನು ಪ್ರಯೋಜನ? ಈ ಕೋಣೆಯಲ್ಲಿ ಅಪ್ಪಿಯ ಹೆಸರು ಹೇಳಬಲ್ಲವಳು ತಾನೊಬ್ಬಳೇ, ತಾನೂ ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟಲು ಕೈ ಎತ್ತಿದ್ದಳು. ಎತ್ತಿದ ಕೈಯನ್ನು ಕೆಳಗಿಳಿಸಿದಳು.

"ಅದು ಬೆಳಕಲ್ಲ," ಎಂದಳು ಗಟ್ಟಿಯಾಗಿ.

ಎಲ್ಲರೂ ತಿರುಗಿದರು. ಜಯರಾಜ್ ಅವಳ ಮೊಣಕೈ ಹಿಡಿದ, ಮತ್ತೆ ತಾನೇ ಬಿಟ್ಟ.

"ಮೀನಿನಲ್ಲಿ ಮೊದಲು ಸಾಯುವುದು ಕಣ್ಣು. ಅದಕ್ಕೆ ಕಣ್ಣು ಮೊದಲು ಬರೆಯಬೇಕು. ಬಣ್ಣ ಹೋದ ಮೇಲೆ ನಿಲ್ಲಿಸಬೇಕು. ಬಾಲ ಬಿಟ್ಟದ್ದು ಅವಸರಕ್ಕಲ್ಲ, ಅಷ್ಟರಲ್ಲಿ ಮೀನು ಹೋಗಿತ್ತು. ಇದನ್ನು ಈ ಊರು ಕಲಿಸಲಿಲ್ಲ. ನನ್ನ ಅಮ್ಮ ಕಲಿಸಿದ್ದು. ಅವಳ ಹೆಸರು ಅಪ್ಪಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು."

ಯೋರಿಸ್ ಉಸಿರು ಬಿಟ್ಟು, "ಹೌದು. ಪ್ರತಿಯೊಂದು ಮಾತೂ ಹೌದು," ಎಂದ. ಗಡ್ಡದವನು ಪೆನ್ನು ತೆಗೆದು, ಆ ಹೆಸರು ಇನ್ನೊಮ್ಮೆ ಹೇಳಿ ಎಂದ. ಅವಳು ಹೇಳಿದಳು. ಜನ ಮತ್ತೆ ಗೋಡೆಯ ಹತ್ತಿರ ಹೋಗಿ ಮೀನಿನ ಕಣ್ಣುಗಳನ್ನು ಒಂದೊಂದಾಗಿ ನೋಡತೊಡಗಿದರು.

ಮೈಥಿಲಿ ಮಾತ್ರ ಇದ್ದಲ್ಲೇ ಇದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಏಳು ವರ್ಷ ಯಾಕ್ರೀ ಮುಚ್ಚಿಟ್ರಿ? ನಾವು ಏನಾದ್ರೂ ಅಂದ್ಕೋತೀವಿ ಅಂತಲೇ? ನಮ್ಮಿಂದಲೇ ಅಲ್ವಾ ನಿಮಗೆ ಹೀಗೆ ನಾಚಿಕೆ ಪಡೋ ಹಾಗಾಗಿದ್ದು?"

ಹೌದು ಎಂದರೆ ಮುಗಿಯುತ್ತಿತ್ತು. ಮೈಥಿಲಿಯೇ ಕ್ಷಮೆ ಕೇಳುತ್ತಿದ್ದಳು, ರತ್ನಾವತಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದಿತ್ತು.

"ಇಲ್ಲ ಮೈಥಿಲಿ. ನೀವು ಎಂತ ಮಾಡಿದ್ದೀರಿ ಪಾಪ. ನೀವು ಸಿಗುವುದಕ್ಕೆ ಮೊದಲೇ, ಶಾಲೆಯಲ್ಲಿರುವಾಗಲೇ, ಅಮ್ಮ ಬುಟ್ಟಿ ಹೊತ್ತು ಎದುರಿಗೆ ಬಂದರೆ ನಾನು ಆಚೆ ದಾರಿಗೆ ದಾಟುತ್ತಿದ್ದೆ. ಅವಳು ನೋಡಿದ್ದಾಳೆ. ಒಂದು ದಿವಸವೂ ಕೇಳಲಿಲ್ಲ. ನನಗೆ ಅಮ್ಮನ ಬಗ್ಗೆಯೇ ನಾಚಿಕೆ ಇತ್ತು."

ಇಷ್ಟು ಹೇಳಿ ರತ್ನಾವತಿ, ಅಷ್ಟು ಜನರ ನಡುವೆ ನಿಂತೇ, ಗಟ್ಟಿಯಾಗಿ ಅತ್ತಳು.